ಜ್ವಾಳದವ್ವನನ್ನು ಎತ್ತಿ ಹಿಡಿದ ರೇಶ್ಮೆ ಎಳೆ

ಶನಿವಾರ ಬೆಳಗಿನ ಜಾವ. ಆಂಟಾಪ್ ಹಿಲ್‌ನ ಹಳೆಯ ಕಾಲೊನಿಯ ಎರಡನೇ ಮಾಳಿಗೆಯಲ್ಲಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ಮನೆಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ಚಾಪೆ ಹಾಸಿ, ಬಲಗಾಲು ಚಾಚಿ ಕುಳಿತಿದ್ದಾರೆ ಇಮಾಮಬಿ ಪಟವೇಗಾರ. ಕಾಲಿನ ಹೆಬ್ಬೆರಳಿಗೆ ರೇಶ್ಮೆ ಎಳೆಗಳ ಒಂದು ತುದಿ ಸುತ್ತಿದೆ. ಇನ್ನೊಂದು ತುದಿ ಎರಡು ಅಂಗೈಗಳ ನಡುವೆ ಹುರಿಗೊಳ್ಳುತ್ತಿದೆ. ಕೈ ಉಜ್ಜಿದ ಸದ್ದು ಬಿಟ್ಟರೆ ಗ್ಯಾಲರಿಯಲ್ಲಿ ಬೇರೆ ಸದ್ದಿಲ್ಲ.

ಒಳಗಿನಿಂದ ಗಂಡ ಚಮನಸಾಬರ ದನಿ ಬರುತ್ತದೆ. "ಏನ ಇಮಾಮಬಿ, ಇವತ್ತ ಕೈ ನಡಗಾಕತ್ತಾವೇನ? ಸಪ್ಪಳ ಬ್ಯಾರೆ ಬರಾಕತ್ತದ."

"ನಡಗಾಕತ್ತಿಲ್ರಿ, ಓಡಾಕತ್ತಾವ. ನೀವು ಮಕ್ಕೋರಿ ಸುಮ್ಮ."

ಓಡಲು ಕಾರಣವಿದೆ. ಇವತ್ತು ಹೊತ್ತು ಮುಳುಗುವುದರೊಳಗೆ ಇಮಾಮಬಿ ಒಂದು ಬೆಳ್ಳಿ ಸರದ ಹಳೆಯ ದಾರ ಬಿಚ್ಚಿ ಹೊಸ ದಾರಕ್ಕೆ ಪೋಣಿಸಬೇಕು. ಆ ಸರದ ನಟ್ಟನಡುವೆ ಇರುವ ಬಿಲ್ಲೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ರೋಮನ್ ನಾಣ್ಯ ಇರಬಹುದು ಎಂದು ಒಬ್ಬ ನಾಣ್ಯತಜ್ಞರು ಹೇಳಿದ್ದಾರೆ. ಇರಬಹುದು, ಇಲ್ಲದೆಯೂ ಇರಬಹುದು. ಅದರ ಹಿಂಬದಿ ನೋಡದೆ ಏನೂ ಹೇಳಲಾಗದು ಎಂದೂ ಅವರು ಹೇಳಿದ್ದಾರೆ. ಆ ಹಿಂಬದಿಯನ್ನು ಈಗ ಬದುಕಿರುವವರಲ್ಲಿ ಯಾರೂ ಕಂಡಿಲ್ಲ.

ಪಟವೇಗಾರರದು ಒಡವೆ ಮಾಡುವ ಕೆಲಸವಲ್ಲ, ಒಡವೆಯನ್ನು ದಾರಕ್ಕೆ ಏರಿಸುವ ಕೆಲಸ. ಅಕ್ಕಸಾಲಿಗ ಮಾಡಿಕೊಟ್ಟ ಗುಂಡು, ಬಿಲ್ಲೆ, ಪದಕಗಳನ್ನು ರೇಶ್ಮೆಯಲ್ಲಿ ಪೋಣಿಸಿ, ಗಂಟು ಹಾಕಿ, ಗೊಂಡೆ ಕಟ್ಟಿ ಕೊರಳಿಗೆ ಒಗ್ಗುವಂತೆ ಮಾಡುವವರು ಇವರು. ವಿಜಯಪುರದಲ್ಲಿ ಇಮಾಮಬಿಯ ಗಂಡನ ಮನೆಯವರು ತಲೆಮಾರುಗಳಿಂದ ಇದನ್ನೇ ಮಾಡಿಕೊಂಡು ಬಂದವರು. ಅತ್ತೆ ಜೇಬುನ್ನೀಸಾ ಅವರಿಂದ ಕೆಲಸ ಕಲಿತ ಇಮಾಮಬಿ, ಮದುವೆಯಾದ ಹೊಸತರಲ್ಲೇ ಅತ್ತೆ, ಗಂಡನ ಜತೆ ಮುಂಬಯಿಗೆ ಬಂದರು. ಈಗ ಅವರಿಗೆ ಅರವತ್ತು ಸಮೀಪಿಸಿದೆ. ವಾರದ ದಿನಗಳಲ್ಲಿ ವಡಾಲಾದಿಂದ ಲೋಕಲ್ ಹಿಡಿದು ಮಸ್ಜಿದ್ ಸ್ಟೇಷನ್ನಿಗೆ ಹೋಗುತ್ತಾರೆ. ಅಲ್ಲಿಂದ ನಡೆದು ಚಿನಿವಾರ ಪೇಟೆಯ ಒಂದು ಅಂಗಡಿಯ ಮೆಟ್ಟಿಲ ಪಕ್ಕ ಕೂರುತ್ತಾರೆ. ಅಂಗಡಿಯವರು ಬಿಸಿಲಿಗೆ ಒಂದು ತಾಡಪತ್ರಿ ಕಟ್ಟಿಕೊಟ್ಟಿದ್ದಾರೆ. ಜಾಗಕ್ಕೆ ಅಷ್ಟೇ ಗುರುತು.

ಮೊದಲೆಲ್ಲ ದಿನಕ್ಕೆ ಹದಿನೈದು ಸರ ಕೈದಾಟುತ್ತಿದ್ದವು. ಈಗ ನಾಲ್ಕೈದು ಬಂದರೆ ಹೆಚ್ಚು. ಯಂತ್ರದಲ್ಲಿ ಹೆಣೆದ ದಾರ, ಎಳೆದರೆ ಉದ್ದ, ಬಿಟ್ಟರೆ ಗಿಡ್ಡ ಆಗುವ ಸಿದ್ಧ ಕೊಂಡಿ ಪೇಟೆಗೆ ಬಂದಿವೆ. "ಅವೂ ಛಲೋನ ಅದಾವ. ಸುಳ್ಳ ಯಾಕ ಹೇಳಲಿ? ನನ್ನ ಮಗಳೂ ಅದನ್ನ ಹಾಕ್ಕೋತಾಳ" ಎಂದು ಇಮಾಮಬಿ ನಗುತ್ತಾರೆ. ಕಣ್ಣು ಮಂಜಾದ ಮೇಲೆ ಚಮನಸಾಬರು ಕೆಲಸ ಬಿಟ್ಟರು. ಈಗ ಮನೆಯಲ್ಲಿ ಗೊಂಡೆ ಕಟ್ಟುವವರೂ ಇಮಾಮಬಿಯೇ, ಗಂಟು ಹಾಕುವವರೂ ಇಮಾಮಬಿಯೇ.

ಸರದ ಒಡತಿ ನಾಗವ್ವ ಪಕ್ಕದ ಬಿಲ್ಡಿಂಗ್‌ನವರು. ಅವರೂ ವಿಜಯಪುರ ಸೀಮೆಯವರು, ಎಂಬತ್ತು ದಾಟಿದವರು. ಆ ಸರದಲ್ಲಿ ಆಚೆ ಆರು, ಈಚೆ ಆರು ರಾಣಿ ಛಾಪಿನ ಬೆಳ್ಳಿ ರೂಪಾಯಿಗಳಿವೆ. ನಡುವೆ, ರೂಪಾಯಿಗಿಂತ ಚಿಕ್ಕದಾದ, ಅಂಚು ಸೊಟ್ಟಗಿರುವ ಒಂದು ಬಿಲ್ಲೆ. ಅದರ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ. ಮುಖ ಸವೆದಿದೆ, ಸೆರಗು ಸವೆದಿದೆ, ಕೈಯಲ್ಲಿ ತೆನೆಯಂಥದ್ದೇನೋ ಇದೆ. ಮನೆತನದವರು ಅವಳನ್ನು ಜ್ವಾಳದವ್ವ ಎಂದೇ ಕರೆಯುತ್ತಾ ಬಂದಿದ್ದಾರೆ. ಸರ ವರ್ಷವಿಡೀ ಪೆಟ್ಟಿಗೆಯಲ್ಲಿ ಇರುತ್ತದೆ. ಬಸುರಿ ಸೊಸೆಗೆ ಏಳನೇ ತಿಂಗಳಲ್ಲಿ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕುಬಸ ಮಾಡುವಾಗ ಮಾತ್ರ ಹೊರಗೆ ಬಂದು ಕೊರಳಿಗೆ ಏರುತ್ತದೆ. ಬಂದ ಮುತ್ತೈದೆಯರೆಲ್ಲ ಜ್ವಾಳದವ್ವನನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮುಖ ಸವೆದದ್ದು ಹಾಗೆ.

ನಾಳೆ, ಭಾನುವಾರ, ನಾಗವ್ವನ ಮೊಮ್ಮಗ ಅಮೋಲ್‌ನ ಹೆಂಡತಿ ರೂಪಾಲಿಯ ಕುಬಸ. ರೂಪಾಲಿಯ ತವರು ಬೊರಿವಲಿ. ಮನೆಮಾತು ಮರಾಠಿ, ಕೆಲಸ ವಿಲೆ ಪಾರ್ಲೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ತಿಂಗಳ ಹಿಂದೆ ಅಜ್ಜಿ ಸರ ತೋರಿಸಿದಾಗ ಫೋಟೊ ತೆಗೆದುಕೊಂಡು ಹೋಗಿ, ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುವ, ಹಳೆಯ ನಾಣ್ಯಗಳ ಅಧ್ಯಯನ ಮಾಡಿರುವ ಪ್ರಶಾಂತ ಅವರಿಗೆ ತೋರಿಸಿದ್ದು ಈಕೆಯೇ. ಧಾರವಾಡ ಮೂಲದ ಪ್ರಶಾಂತ ಫೋಟೊ ನೋಡಿ ಕುರ್ಚಿಯಿಂದ ಎದ್ದು ನಿಂತರಂತೆ.

ಎದ್ದು ನಿಂತದ್ದೇ ತೊಂದರೆಗೆ ಮೂಲವಾಯಿತು. ನಾಗವ್ವನ ಮಗ, ಅಮೋಲ್‌ನ ತಂದೆ ಶಿವಪುತ್ರಪ್ಪ ಖಾಸಗಿ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು. ವಿಷಯ ಕೇಳಿ ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ಖರೇ ಇದ್ರ ನಾಣ್ಯ ಬಿಚ್ಚಿ ಬ್ಯಾಂಕಿನ ಲಾಕರ್‌ನಾಗ ಇಡೂಣು. ಸುಳ್ಳ ಇದ್ರ ಖುಶಾಲ ಹಾಕ್ಕೊಳ್ಳಲಿ."

ಹೀಗಾಗಿ ಮನೆಯಲ್ಲಿ ವಿಚಿತ್ರ ಪ್ರಸಂಗ. ತಮ್ಮ ಮನೆಯ ನಾಣ್ಯ ಖೋಟಾ ಆಗಲಿ ಎಂದು ನಾಗವ್ವ ವಾರದಿಂದ ದೇವರಿಗೆ ಬೇಡಿಕೊಳ್ಳುತ್ತಿದ್ದಾರೆ.

ಕುಬಸಕ್ಕಲ್ಲದೆ ಸರ ಮನೆಯ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಹತ್ತು ಗಂಟೆಗೆ ಇಮಾಮಬಿಯೇ ದಾರ, ಕತ್ತರಿ, ಸೂಜಿಗಳ ಡಬ್ಬಿ ಹಿಡಿದು ನಾಗವ್ವನ ಮನೆಗೆ ಬಂದಿದ್ದಾರೆ. ಇನ್ನೊಂದು ಕಟ್ಟಳೆಯೂ ಇದೆ. ಕುಬಸದ ಸರದ ದಾರ ಬಿಚ್ಚಿದ ದಿನವೇ ಮತ್ತೆ ಕಟ್ಟಿ ಮುಗಿಸಬೇಕು. "ಹರದ ಸರ ಇಟ್ಕೊಂಡು ದೀಪಾ ಹಚ್ಚಬಾರದು" ಎನ್ನುತ್ತಾರೆ ನಾಗವ್ವ. ಹೊಸ ಹುರಿ ತಯಾರಾಗುವ ತನಕ ಹಳೆಯದಕ್ಕೆ ಕತ್ತರಿ ತಾಗಿಸಬಾರದು ಎಂಬುದು ಪಟವೇಗಾರರ ಕಡೆಯ ನಿಯಮ. ಬೆಳಗಿನ ಜಾವದ ಹೊಸೆತ ಅದಕ್ಕಾಗಿಯೇ.

ಮಧ್ಯಾಹ್ನ ಊಟದ ಹೊತ್ತಿಗೆ ಪ್ರಶಾಂತ ಬರುತ್ತಾರೆ. ಚೀಲದಿಂದ ಸಣ್ಣ ತಕ್ಕಡಿ, ಭೂತಗನ್ನಡಿ, ಅಳತೆಯ ಉಪಕರಣ, ಬಿಳಿ ಕೈಗವಸು ಹೊರಬೀಳುತ್ತವೆ. ಚಾಪೆಯ ಮೇಲೆ ಬಿಳಿ ಪಂಚೆ ಹಾಸಲಾಗುತ್ತದೆ. ಒಂದು ಬದಿಗೆ ನಾಗವ್ವ, ಇನ್ನೊಂದು ಬದಿಗೆ ಗೋಡೆಗೆ ದಿಂಬು ಕೊಟ್ಟು ಕೂತ ರೂಪಾಲಿ. ಶಿವಪುತ್ರಪ್ಪ ಮಾತ್ರ ಕುರ್ಚಿಯ ಮೇಲೆ. ನಡುವೆ ಇಮಾಮಬಿ.

ನಾಣ್ಯದ ಬೆನ್ನಿಗೆ ಕೆಂಪು ರೇಶ್ಮೆಯ ಒಂದು ಪುಟ್ಟ ಮೆತ್ತೆ ಹೊಲಿದಿದೆ. ಪಟವೇಗಾರರು ಅದಕ್ಕೆ ಗಾದಿ ಎನ್ನುತ್ತಾರೆ. ಒಡವೆ ಮೈಗೆ ಒತ್ತದಿರಲಿ ಎಂದು ಗಾದಿ ಹಾಕುವುದುಂಟು. ಆದರೆ ಈ ಸರದ ಹನ್ನೆರಡು ರೂಪಾಯಿಗೂ ಇಲ್ಲದ ಗಾದಿ ಜ್ವಾಳದವ್ವನಿಗೆ ಮಾತ್ರ ಯಾಕೆ?

"ನಮ್ಮ ಅತ್ತಿ ಹೇಳಿದ್ಲು" ಎನ್ನುತ್ತಾರೆ ಇಮಾಮಬಿ. "ಹಿಂದ ಒಬ್ಬ ಗಂಡಸು ಅದಾನಂತ. ಯಾರ ಏನ ಗೊತ್ತಿಲ್ಲ. ಬಸರ ಹೆಣಮಗಳ ಎದಿಗೆ ಪರಗಂಡಸಿನ ಮಾರಿ ತಾಗಬಾರದು ಅಂತ ಪರದೆ ಹಾಕ್ಯಾರ. ಹಳೇ ಗಾದಿ ತಗೀಬ್ಯಾಡ, ಮ್ಯಾಲಿಂದ ಮ್ಯಾಲ ಹೊಲಿ ಅಂದಿದ್ಲು."

"ಅದಕ್ಕ ನೋಡ್ರಿ, ರೂಪಾಯಿನೂ ಎಲ್ಲಾ ರಾಣಿ ಛಾಪಿನಾವು" ಎಂದು ನಾಗವ್ವ ಸೇರಿಸುತ್ತಾರೆ. "ರಾಜನ ಛಾಪು ಒಂದೂ ತಗೊಂಡಿಲ್ಲ ನಮ್ಮ ಮಂದಿ. ಇದ್ದಂವ ಇವನೊಬ್ಬನ."

ಇಮಾಮಬಿ ಬಿಸ್ಮಿಲ್ಲಾ ಹೇಳಿ ಕತ್ತರಿಯ ತುದಿಯಿಂದ ಮೊದಲ ಹೊಲಿಗೆ ಬಿಡಿಸುತ್ತಾರೆ. ಕೆಂಪು ಗಾದಿ ಕಳಚುತ್ತದೆ. ಅದು ಜೇಬುನ್ನೀಸಾ ಅವರ ಕೈಯದು, ಅಮೋಲ್‌ನ ತಾಯಿಯ ಕುಬಸಕ್ಕೆ ಹಾಕಿದ್ದು. ಅದರಡಿ ಹಸಿರು ಗಾದಿ. ಯಾರದೋ. ಅದರಡಿ ಬಣ್ಣವೇ ಗುರುತು ಸಿಗದಂತೆ ಕಪ್ಪಾದ ಇನ್ನೊಂದು. ಅದು ಎಳೆಯುವ ಮೊದಲೇ ಪುಡಿಪುಡಿಯಾಗಿ ಪಂಚೆಯ ಮೇಲೆ ಉದುರುತ್ತದೆ. ಇಮಾಮಬಿ ನಾಣ್ಯವನ್ನು ಅಂಗೈ ಮೇಲೆ ಮಗುಚುತ್ತಾರೆ.

ಎಲ್ಲರೂ ಬಾಗಿ ನೋಡುತ್ತಾರೆ.

ಕಪ್ಪು ಹಿಡಿದಿದೆ, ಆದರೆ ಸವೆದಿಲ್ಲ. ದಪ್ಪ ಕುತ್ತಿಗೆ, ಬಾಗಿದ ಮೂಗು, ಗಟ್ಟಿ ಗದ್ದ, ತಲೆಗೆ ಎಲೆಗಳ ಮಾಲೆ. ಮಾಲೆಯ ಹಿಂದೆ ಕಟ್ಟಿದ ದಾರದ ಎರಡು ಬಾಲಗಳೂ ಕಾಣುತ್ತವೆ. ಸುತ್ತಲೂ ಅಕ್ಷರಗಳು, ನಿನ್ನೆ ಮೊನ್ನೆ ಒತ್ತಿದಂತೆ. ಪ್ರಶಾಂತ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದುತ್ತಾರೆ. ಅರ್ಧಕ್ಕೆ ಬಂದಾಗ ಕನ್ನಡಿ ಒರೆಸಿಕೊಳ್ಳುತ್ತಾರೆ. ಮತ್ತೆ ಮೊದಲಿನಿಂದ ಓದುತ್ತಾರೆ.

"ವೆಸ್ಪಾಸಿಯನ್" ಎನ್ನುತ್ತಾರೆ ಕೊನೆಗೆ. "ರೋಮಿನ ಚಕ್ರವರ್ತಿ. ಸಾವಿರದ ಒಂಬೈನೂರಕ್ಕೂ ಹೆಚ್ಚು ವರ್ಷ ಆತು ಅಜ್ಜಿ ಈ ನಾಣ್ಯ ಹೊಡೆದು."

"ಹಾಯ್ ಅಲ್ಲಾ! ಪಾಪ, ಇಷ್ಟ ದಿನಾ ಬುರ್ಖಾದಾಗ ಇದ್ನಲ್ಲ!" ಇಮಾಮಬಿಯ ಮಾತಿಗೆ ರೂಪಾಲಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನಾಗವ್ವ ಮಾತ್ರ ಆ ಮುಖವನ್ನು ನೆಟ್ಟಗೆ ನೋಡಿ, "ಏನ ಸಿಟ್ಟಿನ ಮಾರೀಪಾ ಇದು! ಮುಚ್ಚಿದ್ದು ಛಲೋ ಆಗಿತ್ತು" ಎಂದು ತೀರ್ಪು ಕೊಡುತ್ತಾರೆ.

ಮುಂದಿನ ಅರ್ಧ ಗಂಟೆ ಪ್ರಶಾಂತ ಅವರದು. ಇಮಾಮಬಿ ಹಳೆಯ ದಾರ ಕತ್ತರಿಸಿ ಬಿಡಿಸಿಕೊಟ್ಟ ನಾಣ್ಯವನ್ನು ತೂಗುತ್ತಾರೆ. ದಾರ ಹಾಯಿಸಲೆಂದು ಮೇಲಂಚಿಗೆ ಹಾಕಿದ ಕೊಂಡಿ ಆಮೇಲೆ ಬೆಸೆದದ್ದಾದ್ದರಿಂದ ತೂಕ ಖಚಿತವಲ್ಲ, ಆದರೂ ಹೊಂದುತ್ತದೆ ಎನ್ನುತ್ತಾರೆ. ಅಂಚಿನಲ್ಲಿ ಕೂದಲೆಳೆಯ ಬಿರುಕುಗಳಿವೆ. ಅಚ್ಚಿನ ಏಟಿಗೆ ಬೆಳ್ಳಿ ಬಿರಿದಾಗ ಹೀಗಾಗುತ್ತದೆ, ಎರಕ ಹೊಯ್ದ ನಕಲಿನಲ್ಲಿ ಆಗುವುದಿಲ್ಲ. ಈ ಮುಖ ಯಾರದೆಂದು ಗೊತ್ತಾದ ಮೇಲೆ ಮುಂಬದಿಯ ಹೆಂಗಸೂ ಗುರುತಿಗೆ ಬರುತ್ತಾಳೆ. ರೋಮನ್ನರ ಸುಗ್ಗಿಯ ದೇವತೆ ಸೆರೆಸ್. ಕೈಯಲ್ಲಿ ಗೋಧಿಯ ತೆನೆ.

"ಗೋದಿ ಅಲ್ಲ, ಜ್ವಾಳ" ಎಂದು ನಾಗವ್ವ ತಿದ್ದುತ್ತಾರೆ.

"ರೋಮಿನಾಗ ಜ್ವಾಳ ಎಲ್ಲಿತ್ತು ಅಜ್ಜಿ?"

"ಅಲ್ಲಿರಲಿಕ್ಕಿಲ್ಲೋ ಮಾರಾಯಾ. ಇಲ್ಲಿಗೆ ಬಂದ ಮ್ಯಾಲ ಜ್ವಾಳನ."

ಪ್ರಶಾಂತ ವಾದಿಸುವುದಿಲ್ಲ. ಇನ್ನಿಬ್ಬರು ತಜ್ಞರಿಗೆ ಫೋಟೊ ಕಳಿಸುವುದಾಗಿ, ಆದರೂ ತಮ್ಮ ಮಟ್ಟಿಗೆ ಇದು ಅಸಲಿಯೇ ಎಂದು ಹೇಳುತ್ತಾರೆ. ರೋಮಿನಿಂದ ಹಡಗಿನಲ್ಲಿ ಬಂದ ಬೆಳ್ಳಿ ಯಾವ ಬಂದರಿಗೆ ಇಳಿದು, ಯಾರ ಕೈಯಿಂದ ವಿಜಯಪುರದ ಕಡೆ ಬಂತು ಎಂಬುದನ್ನು ಹೇಳಲು ಯಾವ ಆಧಾರವೂ ಇಲ್ಲ ಎನ್ನುತ್ತಾರೆ. ಹೆಂಗಸರ ಬೆರಳು ದೇವಿಯನ್ನು ಸವೆಸಿದರೆ, ಹೆಂಗಸರ ನಾಚಿಕೆ ರಾಜನನ್ನು ಉಳಿಸಿದೆ ಎಂದು ಅವರು ಖುಷಿಯಿಂದ ಹೇಳುವಾಗ ಇಮಾಮಬಿ ತಡೆಯುತ್ತಾರೆ. "ನಾವು ಉಳಸಾಕ ಅಂತ ಮುಚ್ಚಿದ್ದಲ್ರಿ. ಅಂವ ಕಾಣಬಾರದು ಅಂತ ಮುಚ್ಚಿದ್ದು. ಇದ್ದದ್ದು ಇದ್ದಂಗ ಬರ್ಕೋರಿ."

ಆಗ ಶಿವಪುತ್ರಪ್ಪ ಕುರ್ಚಿಯಿಂದ ಏಳುತ್ತಾರೆ. "ಅಂದ್ರ ಖರೇ ಅದ. ಮುಗೀತಲ್ಲ. ಅವ್ವಾ, ನಾಳೆ ರೂಪಾಲಿ ಬರೇ ರೂಪಾಯಿ ಸರ ಹಾಕ್ಕೋಲಿ."

ನಾಗವ್ವನ ಮುಖ ಇಳಿಯುತ್ತದೆ. "ಜ್ವಾಳದವ್ವ ಇಲ್ಲಾಂದ್ರ ಅದು ಸರಾ ಏನೋ? ನಿನ್ನ ಹೊಟ್ಯಾಗಿಟ್ಕೊಂಡಾಗ ನಾ ಹಾಕ್ಕೊಂಡಿದ್ದೆ. ಅಮೋಲನ ಕುಬಸಕ್ಕ ನಿನ್ನ ಹೇಣ್ತಿ ಹಾಕ್ಕೊಂಡಿದ್ಲು. ಈ ಹುಡುಗಿ ಏನ ಪಾಪ ಮಾಡ್ಯಾಳ?"

ರೂಪಾಲಿ ತನ್ನ ಹರಕು ಮುರುಕು ಕನ್ನಡದಲ್ಲಿ ಬಾಯಿ ಹಾಕುತ್ತಾಳೆ. "ಬಾಬಾ, ಏಕ್ ದಿನ ಮಾತ್ರ. ಮಂದಿ ಮುಟ್ಟೂದು ಬೇಡ, ಹಾತ್ ನಾಹೀ ಲಾವಣಾರ್. ಬರೀ ನೋಡ್ತಾರೆ."

"ಕೊಂಡಿ ಹರದು ಬಿತ್ತಂದ್ರ?" ಶಿವಪುತ್ರಪ್ಪ ಕೇಳುತ್ತಾರೆ. ಕೇಳಿದ್ದು ಸುಮ್ಮನೆ, ವಾದಕ್ಕೆಂದು.

ಅಷ್ಟು ಹೊತ್ತೂ ನಾಣ್ಯದ ಮೇಲಿನ ಕೊಂಡಿಯನ್ನು ಉಗುರಿನಿಂದ ಸವರುತ್ತಿದ್ದ ಇಮಾಮಬಿ ಅದಕ್ಕೆ ಉತ್ತರ ಕೊಡುತ್ತಾರೆ. ಸುಮ್ಮನಿದ್ದರೆ ನಡೆಯುತ್ತಿತ್ತು. ಸುಮ್ಮನಿರುವುದಿಲ್ಲ. "ಬೀಳತದ್ರಿ, ಅಣ್ಣಾರ. ಕೊಂಡಿ ಒಳಗ ಸವದು ಎಳಿ ಹಂಗ ಆಗ್ಯದ. ನಾಳೆ ಬೀಳಬಹುದು, ಹತ್ತು ವರ್ಷ ಬಿಟ್ಟೂ ಬೀಳಬಹುದು. ನಾ ಇದಕ್ಕ ದಾರಾ ಏರಸಾಂಗಿಲ್ಲ."

ನಾಗವ್ವ ಆಕೆಯನ್ನು ದುರುಗುಟ್ಟಿ ನೋಡುತ್ತಾರೆ. "ನೀನೂ ಅವನ ಕಡೆ ಆದ್ಯಾ ಇಮಾಮಬಿ?"

ಬೆಳ್ಳಿ ಬೆಸೆಯುವವರನ್ನು ಕರೆಸಿ ಕೊಂಡಿ ಗಟ್ಟಿ ಮಾಡಿಸಬಹುದೇ? ಬೇಡ ಎನ್ನುತ್ತಾರೆ ಪ್ರಶಾಂತ, ಕೈ ಅಡ್ಡ ಹಿಡಿದು. ಇಂಥ ಹಳೆಯ ಬೆಳ್ಳಿಗೆ ಬೆಂಕಿ ತಾಗಿಸಬಾರದು. ಹುಣಸೆಹಣ್ಣು ಹಾಕಿ ತಿಕ್ಕಬಾರದು. ದೇಶದ ಹೊರಗೆ ಕಳಿಸಬಾರದು. ಕಿಟಕಿಯ ಬಿಸಿಲು ಗೋಡೆ ಹತ್ತಿದೆ. ದೀಪ ಹಚ್ಚುವ ಹೊತ್ತಿಗೆ ಇನ್ನು ಹೆಚ್ಚು ಸಮಯವಿಲ್ಲ. ಪಂಚೆಯ ಮೇಲೆ ಹರಿದ ದಾರ, ಚದುರಿದ ಹನ್ನೆರಡು ರೂಪಾಯಿ, ಪುಡಿಯಾದ ಗಾದಿ.

ಇಮಾಮಬಿ ಡಬ್ಬಿಯಿಂದ ಬಣ್ಣ ಹಾಕದ ಬಿಳಿ ರೇಶ್ಮೆಯ ಲಡಿ ತೆಗೆಯುತ್ತಾರೆ. ಕಾಲು ಚಾಚಿ ಎಳೆಯನ್ನು ಹೆಬ್ಬೆರಳಿಗೆ ಸುತ್ತುತ್ತಾರೆ. "ಕೊಂಡಿಗೆ ದಾರಾ ಏರಸಾಂಗಿಲ್ಲ ಅಂದೆ. ನಾಣ್ಯಕ್ಕ ಏರಸಾಂಗಿಲ್ಲ ಅಂದ್ನೇನು? ತಡೀರಿ."

ಆಮೇಲೆ ನಡೆದದ್ದನ್ನು ನೋಡಿದವರು ಕೋಣೆಯಲ್ಲಿದ್ದ ನಾಲ್ಕೈದು ಮಂದಿ ಅಷ್ಟೆ. ಗುಂಡಿಗೆ, ತಾಯಿತಕ್ಕೆ, ತೂತಿಲ್ಲದ ಹರಳಿಗೆ ಪಟವೇಗಾರರು ಸುತ್ತಲೂ ಬಲೆ ಹೆಣೆಯುತ್ತಾರೆ. ಇಮಾಮಬಿ ಅದೇ ಬಲೆಯನ್ನು ನಾಣ್ಯದ ಅಂಚಿಗೆ ಹೆಣೆಯತೊಡಗುತ್ತಾರೆ. ಎರಡು ಬದಿಗೂ ಅಂಚಿನ ಮೇಲಷ್ಟೇ ಕೂರುವ, ಒಂದನ್ನೊಂದು ಹಿಡಿದುಕೊಳ್ಳುವ ಸಣ್ಣ ಸಣ್ಣ ಕಣ್ಣುಗಳು. ಅಂಚು ಸೊಟ್ಟ. ಒಂದು ಕಣ್ಣು ದೊಡ್ಡದಾದರೆ ನಾಣ್ಯ ಜಾರುತ್ತದೆ. ಒಂದು ಬಿಗಿಯಾದರೆ ಬಲೆ ತಿರುಗಿಕೊಂಡು ದೇವಿಯ ಕೈ ಮೇಲೆ ಕೂರುತ್ತದೆ. ಎರಡು ಸಲ ಹಾಗೇ ಆಗುತ್ತದೆ. ಎರಡು ಸಲವೂ ಬಿಚ್ಚುತ್ತಾರೆ. ಬೈಗುಳ ದಖನಿಯಲ್ಲಿ, ಯಾರಿಗೂ ಕೇಳದಷ್ಟು ಮೆಲ್ಲಗೆ. ಪ್ರಶಾಂತ ಗಡಿಯಾರ ನೋಡುತ್ತಾರೆ, ರೂಪಾಲಿ ಕಿಟಕಿ ನೋಡುತ್ತಾಳೆ. ಅಷ್ಟರಲ್ಲಿ ಬಾಗಿಲಲ್ಲಿ ಚಮನಸಾಬರು ಕಾಣಿಸಿಕೊಳ್ಳುತ್ತಾರೆ.

"ಸಂಜೀ ಚಾ ಇಲ್ಲೇನ ಇವತ್ತ?"

"ರೋಮಿನ ಬಾದಶಹಾನ ಸೇವಾದಾಗ ಅದೀನಿ. ಹೋಗಿ ನೀವ ಮಾಡ್ಕೋರಿ."

ಮೂರನೇ ಸಲಕ್ಕೆ ಬಲೆ ಕೂರುತ್ತದೆ. ಅದರ ನೆತ್ತಿಯಿಂದ ನಾಲ್ಕು ಎಳೆಗಳು ಮೇಲೆದ್ದು ಸರದ ಮುಖ್ಯ ಹುರಿಯನ್ನು ಸೇರುತ್ತವೆ. ಹಳೆಯ ಕೊಂಡಿ ಈಗ ಹೆಸರಿಗೆ ಮಾತ್ರ ಇದೆ, ಭಾರ ಹೊರುವುದಿಲ್ಲ. ಇನ್ನು ಬೆನ್ನಿನ ಗಾದಿ. ಹಾಕಲೇಬೇಕು ಎಂದು ನಾಗವ್ವ. ರಾಜನೂ ಕಾಣಲಿ ಎಂದು ರೂಪಾಲಿ. ಬಣ್ಣ ಬೆಳ್ಳಿಗೆ ಹತ್ತೀತು, ಬಣ್ಣದ ರೇಶ್ಮೆ ಮಾತ್ರ ಬೇಡ ಎಂದು ಪ್ರಶಾಂತ. ಇಮಾಮಬಿ ಬಿಳಿ ರೇಶ್ಮೆಯ ಚೂರನ್ನು ಮೇಲಂಚಿಗೆ ಮಾತ್ರ ಹೊಲಿದು ಕೆಳಗೆ ಬಿಟ್ಟುಬಿಡುತ್ತಾರೆ. ಮುಚ್ಚಿದರೆ ಮುಚ್ಚಿತು, ಎತ್ತಿದರೆ ಚಕ್ರವರ್ತಿ. ಈಗ ಅದು ಖರೇ ಪರದೆ.

ಸರ ಪೂರ್ತಿ ಪೋಣಿಸಿ ಗೊಂಡೆ ಕಟ್ಟಿದ ಮೇಲೆ ಅದನ್ನು ನೇರವಾಗಿ ಶಿವಪುತ್ರಪ್ಪನವರ ಕೈಗೆ ಕೊಡುತ್ತಾರೆ. "ಜಗ್ಗ್ರಿ."

"ಏನು?"

"ಜಗ್ಗಿ ನೋಡ್ರಿ. ನಾಣ್ಯಾ ಹಿಡದ ಜಗ್ಗ್ರಿ. ಹಾಸಿಗಿ ಮ್ಯಾಲ ಹಿಡಕೋರಿ ಮತ್ತ, ಬಿದ್ರ ಮೆತ್ತಗಿರಲಿ."

ಶಿವಪುತ್ರಪ್ಪ ಮಂಚದ ಬಳಿ ಹೋಗಿ ಮೆಲ್ಲಗೆ ಜಗ್ಗುತ್ತಾರೆ. ಆಮೇಲೆ ಜೋರಾಗಿ. ಸರವನ್ನು ಎತ್ತಿ ಹಿಡಿದು ಕೊಡವುತ್ತಾರೆ. ರೂಪಾಯಿಗಳು ಝಲ್ಲೆನ್ನುತ್ತವೆ. ಪ್ರಶಾಂತ ಕಣ್ಣು ಮುಚ್ಚಿಕೊಳ್ಳುತ್ತಾರೆ. ಜ್ವಾಳದವ್ವ ಅಲುಗುತ್ತಾಳೆ, ಬೀಳುವುದಿಲ್ಲ. ಶಿವಪುತ್ರಪ್ಪ ಸರವನ್ನು ಕಣ್ಣ ಹತ್ತಿರ ಹಿಡಿದು ಬಲೆಯನ್ನು ಬಹಳ ಹೊತ್ತು ನೋಡುತ್ತಾರೆ. ನಂತರ ಅದನ್ನು ತಾಯಿಯ ಉಡಿಗೆ ಇಳಿಸುತ್ತಾರೆ.

"ಸೋಮವಾರ ಮುಂಜಾನೆ ಲಾಕರಿಗೆ. ಅದರಾಗ ಬದಲಿಲ್ಲ."

"ಸೋಮವಾರದ್ದು ಸೋಮವಾರಕ್ಕ" ಎಂದ ನಾಗವ್ವ ಎದ್ದು ದೀಪ ಹಚ್ಚುತ್ತಾರೆ.

ಭಾನುವಾರ ಬಿಲ್ಡಿಂಗ್‌ನ ಟೆರೇಸಿನಲ್ಲಿ ಶಾಮಿಯಾನ. ಬೊರಿವಲಿಯಿಂದ ಬೀಗರು ಬಂದಿದ್ದಾರೆ. ಹಸಿರು ಸೀರೆ, ಕೈತುಂಬ ಹಸಿರು ಬಳೆಯ ರೂಪಾಲಿಯ ಎದೆಯ ಮೇಲೆ ಹನ್ನೆರಡು ರಾಣಿಯರ ನಡುವೆ ಜ್ವಾಳದವ್ವ ಕೂತಿದ್ದಾಳೆ. ಆರತಿಗೆ ಬಾಗಿದಾಗ ಸರ ಮುಂದಕ್ಕೆ ತೂಗುತ್ತದೆ. ಶಿವಪುತ್ರಪ್ಪನವರ ಕೈ ತಾನಾಗಿ ಮುಂದೆ ಬರುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಮುಟ್ಟಬಾರದು ಎಂದು ಎಲ್ಲರಿಗೂ ಹೇಳಲಾಗಿದೆ. ಹೆಂಗಸರು ಸಾಲಾಗಿ ಬಂದು ದೇವಿಗೆ ದೂರದಿಂದ ಕೈಮುಗಿಯುತ್ತಾರೆ. ಆಮೇಲೆ ರೂಪಾಲಿ ತಾನೇ ಪರದೆ ಎತ್ತಿ ತೋರಿಸಿದಾಗ, ಬಾಯಿಗೆ ಸೆರಗು ಹಿಡಿದು ನಗುತ್ತಾರೆ. "ಅಯ್ಯ, ಇಂವ ನಮ್ಮ ಮಾವನ ಹಂಗ ಅದಾನ!" ಎಂದು ಯಾರೋ ಅನ್ನುತ್ತಾರೆ. ಬೊರಿವಲಿಯ ಬೀಗಿತ್ತಿ ಮಾತ್ರ ರಾಜನನ್ನು ಬಿಟ್ಟು ಬಲೆಯ ಮೇಲೆ ಕಣ್ಣಿಟ್ಟು, ಇದನ್ನು ಹೆಣೆದವರು ಯಾರು ಎಂದು ಮರಾಠಿಯಲ್ಲಿ ಕೇಳುತ್ತಾರೆ. ಹಿಂದಿನ ಸಾಲಿನಲ್ಲಿ ಹೋಳಿಗೆ ಮುರಿಯುತ್ತಿದ್ದ ಇಮಾಮಬಿಯತ್ತ ನಾಗವ್ವ ಬೆರಳು ತೋರುತ್ತಾರೆ.

ಸರ ಸಂಜೆಯವರೆಗೂ ಕೊರಳಲ್ಲೇ ಇತ್ತು. ಸೋಮವಾರ ಲಾಕರ್ ಸೇರಿತು. ಬಲೆ ಬಿಚ್ಚಿಸಲಿಲ್ಲ, ದಾರ ಬಿಡಿಸಲಿಲ್ಲ, ಜ್ವಾಳದವ್ವ ಸರದ ಸಮೇತ ಹೋದಳು.

ಸೋಮವಾರ ಇಮಾಮಬಿ ಎಂದಿನಂತೆ ಅಂಗಡಿಯ ಮೆಟ್ಟಿಲ ಪಕ್ಕ ಇದ್ದಾರೆ. ಕಾಲ್ಬೆರಳಿಗೆ ಯಾರದೋ ಮಂಗಳಸೂತ್ರದ ಕರಿಮಣಿ ದಾರ. ಇಷ್ಟು ದೊಡ್ಡ ಕೆಲಸ ಮಾಡಿಕೊಟ್ಟದ್ದಕ್ಕೆ ಆ ಮನೆಯವರಿಂದ ಏನು ಬಯಸುತ್ತೀರಿ ಎಂದು ಕೇಳಿದರೆ ತಲೆ ಎತ್ತುವುದಿಲ್ಲ.

"ಕೂಸು ಹುಟ್ಟಿದ ಮ್ಯಾಲ ಅದರ ಉಡದಾರ ನನ್ನ ಕೈಯಿಂದ ಕಟ್ಟಸ್ರಿ ಅಂತ ಹೇಳೀನಿ. ಹೂಂ ಅಂದಾಳ ರೂಪಾಲಿ." ಹಲ್ಲಿನಿಂದ ದಾರ ಕಡಿಯುತ್ತಾರೆ. "ಬಾದಶಹಾಗ ಜಗ್ಗಿದ್ರೂ ಬಿಚ್ಚದಂಥ ಗಂಟು ಹಾಕೀನಿ. ಕೂಸಿಗೆ ಮಾತ್ರ ಸಡ್ಲ ಹಾಕತೀನ್ರಿ. ಬೆಳಿಯೂದದ ಅದು."